ಬೆಳಗಿನ ಜಾವದ ಕನಸು ನಿಜವಾಗುತ್ತಾ? ಟಿಪ್ಪು ಸುಲ್ತಾನನ ಕನಸಿನ ಪುಸ್ತಕ ಏನು ಹೇಳುತ್ತದೆ?

ಕನಸಿನಲ್ಲಿ ಹಾವು ಕಂಡರೆ ಶತ್ರುಕಾಟ, ತುಂಬಿದ ಕೊಡ ಕಂಡರೆ ಧನಲಾಭ, ಹಲ್ಲು ಉದುರಿದಂತೆ ಕಂಡರೆ ಮನೆಯಲ್ಲಿ ಸಾವು. ಇಂಥದ್ದೊಂದು ಪಟ್ಟಿ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರುತ್ತದೆ. ಜೊತೆಗೆ ಒಂದು ಮಾತು ಇದ್ದೇ ಇರುತ್ತದೆ: ಬೆಳಗಿನ ಜಾವ ಬಿದ್ದ ಕನಸು ಸುಳ್ಳಾಗುವುದಿಲ್ಲ.

ಪಟ್ಟಿ ಓದಿ ನಕ್ಕು ಸುಮ್ಮನಾದರೆ ತೊಂದರೆಯಿಲ್ಲ. ಆದರೆ ಇದನ್ನೇ ನಂಬಿ ಕುದುರಿದ ಸಂಬಂಧ ಬಿಡುವವರಿದ್ದಾರೆ, ಡಾಕ್ಟರು ಹೇಳಿದ ಆಪರೇಷನ್ ಮುಂದಕ್ಕೆ ಹಾಕುವವರಿದ್ದಾರೆ, ಸಾಲ ಮಾಡಿ ಬೋರ್‌ವೆಲ್ ಕೊರೆಸುವವರಿದ್ದಾರೆ. ಹಾಗಾದರೆ ಕನಸಿಗೆ ನಿಜವಾಗಿಯೂ ಮುಂದಿನದ್ದು ಗೊತ್ತಿರುತ್ತದೆಯೇ? ನಮಗೇ ಗೊತ್ತಿಲ್ಲದ ಒಳಮನಸ್ಸು ನಮ್ಮ ಪರವಾಗಿ ನಿರ್ಧಾರ ಮಾಡಬಲ್ಲದೇ?

ನಾವು ಇದನ್ನು ಬರೆಯುತ್ತಿರುವುದು ಕೆ.ಆರ್. ಪೇಟೆ ಪಕ್ಕದ ಹೊಸಹೊಳಲಿನಿಂದ. ಇಲ್ಲಿಂದ ಪಾಂಡವಪುರದ ದಾರಿಯಲ್ಲಿ ಸುಮಾರು 50 ಕಿ.ಮೀ. ಹೋದರೆ ಶ್ರೀರಂಗಪಟ್ಟಣ ಸಿಗುತ್ತದೆ. ಅಲ್ಲಿ ರಾಜ್ಯವಾಳಿದ ಟಿಪ್ಪು ಸುಲ್ತಾನ ಸುಮಾರು 13 ವರ್ಷಗಳ ಅವಧಿಯಲ್ಲಿ ತನಗೆ ಬಿದ್ದ ಕನಸುಗಳನ್ನು ತನ್ನ ಕೈಯಾರೆ ಬರೆದಿಟ್ಟಿದ್ದ. ಆ ಪುಸ್ತಕ ಇಂದಿಗೂ ಉಳಿದಿದೆ. ಯಾವ ಕನಸು ಕಂಡ, ಅದಕ್ಕೆ ಏನು ಅರ್ಥ ಹೇಳಿಕೊಂಡ, ಆಮೇಲೆ ನಿಜವಾಗಿ ಏನಾಯಿತು ಎಂಬುದನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಬಹುದಾದ ಅಪರೂಪದ ದಾಖಲೆ ಇದು.

ಟಿಪ್ಪು ಎಂದ ಕೂಡಲೇ ಗ್ರೂಪುಗಳಲ್ಲಿ ಜಗಳ ಶುರುವಾಗುವುದು ನಮಗೂ ಗೊತ್ತು. ಅವನು ಒಳ್ಳೆಯವನೋ ಕೆಟ್ಟವನೋ ಎಂಬ ತೀರ್ಪು ಈ ಬರಹದ ಕೆಲಸವಲ್ಲ. ಒಬ್ಬ ಮನುಷ್ಯನ ಆಸೆ ಅವನ ಕಣ್ಣನ್ನು ಹೇಗೆ ಆಳುತ್ತದೆ ಎಂಬುದಷ್ಟೇ ಇಲ್ಲಿನ ವಿಷಯ.

ಕನಸಿನ ಪುಸ್ತಕ ಸಿಕ್ಕಿದ್ದು ಹೇಗೆ?

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬ್ರಿಟಿಷರ ವಶವಾಯಿತು. ಟಿಪ್ಪು ಕೋಟೆಯೊಳಗೆ ಹೋರಾಡುತ್ತಲೇ ಸತ್ತ. ಆಮೇಲೆ ಅರಮನೆಯ ಕಾಗದಪತ್ರಗಳನ್ನು ಶೋಧಿಸುವಾಗ ಕರ್ನಲ್ ವಿಲಿಯಂ ಕರ್ಕ್‌ಪ್ಯಾಟ್ರಿಕ್‌ಗೆ ಗುಟ್ಟಿನ ದಾಖಲೆಗಳ ನಡುವೆ ಪರ್ಷಿಯನ್ ಭಾಷೆಯ ಒಂದು ಪುಟ್ಟ ಕೈಬರಹದ ಪುಸ್ತಕ ಸಿಕ್ಕಿತು. ಬರಹ ಟಿಪ್ಪುವಿನದೇ. ತನಗೆ ಬಿದ್ದ ಕನಸುಗಳನ್ನು ಇಲ್ಲಿ ಬರೆದಿಡುತ್ತಿದ್ದೇನೆ ಎಂಬ ಅರ್ಥದ ಮಾತು ಅದರಲ್ಲಿತ್ತು.

ಪುಸ್ತಕ ಸಿಕ್ಕಾಗ ಟಿಪ್ಪುವಿನ ಆಪ್ತನಾಗಿದ್ದ ಹಬೀಬುಲ್ಲಾ ಅಲ್ಲಿಯೇ ಇದ್ದ. ಹೀಗೊಂದು ಪುಸ್ತಕ ಇದೆಯೆಂದು ಅವನಿಗೆ ಗೊತ್ತಿತ್ತು, ಆದರೆ ಒಮ್ಮೆಯೂ ಒಳಗೆ ಏನಿದೆ ಎಂದು ನೋಡಿರಲಿಲ್ಲ. ಯಾರಾದರೂ ಹತ್ತಿರ ಬಂದರೆ ಟಿಪ್ಪು ಅದನ್ನು ಮುಚ್ಚಿಡುತ್ತಿದ್ದನಂತೆ. 1800ರಲ್ಲಿ ಅಲೆಗ್ಸಾಂಡರ್ ಬೀಟ್ಸನ್ ಎಂಬ ಅಧಿಕಾರಿ ಅದನ್ನು ಲಂಡನ್ನಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರಿಗೆ ಒಪ್ಪಿಸಿದ. ಈಗ ಅದು ಅಲ್ಲಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ನಮ್ಮ ಗಿರೀಶ ಕಾರ್ನಾಡರು ಇದೇ ಪುಸ್ತಕದ ಎಳೆ ಹಿಡಿದು ನಾಟಕವನ್ನೂ ಬರೆದರು.

ಅದರಲ್ಲಿ ಇರುವ ಕನಸುಗಳು 37. ಮೊದಲಿನವು 1780ರ ದಶಕದ ನಡುವಿನವು, ಕೊನೆಯವು 1790ರ ದಶಕದ ಕೊನೆಯವು. ಟಿಪ್ಪು ತನ್ನದೇ ಹೊಸ ಕ್ಯಾಲೆಂಡರ್ ಮಾಡಿ ತಿಂಗಳುಗಳಿಗೂ ಬೇರೆ ಹೆಸರಿಟ್ಟಿದ್ದ. ಕನಸಿನ ತಾರೀಖುಗಳೂ ಆ ಲೆಕ್ಕದಲ್ಲೇ ಇವೆ.

ಕನಸು ಬರೆದ ಮನುಷ್ಯ ಯಾರು?

ಟಿಪ್ಪು ಹುಟ್ಟಿದ್ದು 1751ರಲ್ಲಿ, ದೇವನಹಳ್ಳಿಯಲ್ಲಿ. ಅಪ್ಪ ಹೈದರ್ ಅಲಿ ಮೈಸೂರು ಸೈನ್ಯದಲ್ಲಿ ಮೇಲೆ ಬಂದು ರಾಜ್ಯದ ಅಧಿಕಾರವನ್ನೇ ಕೈಗೆ ತೆಗೆದುಕೊಂಡವನು. ಅಪ್ಪನಿಗೆ ಓದು ಬರಹ ಬರುತ್ತಿರಲಿಲ್ಲ. ಮಗ ಚೆನ್ನಾಗಿ ಓದಿದ, ಪುಸ್ತಕ ಕೂಡಿಟ್ಟ, ಪತ್ರ ಬರೆದ, ಎಲ್ಲವನ್ನೂ ಲೆಕ್ಕ ಇಟ್ಟ. ಹದಿಹರೆಯದಲ್ಲೇ ಯುದ್ಧಕ್ಕೆ ಇಳಿದ.

ನಮ್ಮ ಸುತ್ತಮುತ್ತಲ ನೆಲವೂ ಆ ಯುದ್ಧಗಳನ್ನು ಕಂಡಿದೆ. 1771ರಲ್ಲಿ ಮೇಲುಕೋಟೆ ಹತ್ತಿರದ ಚಿನಕುರಳಿಯಲ್ಲಿ ಹೈದರನ ಸೈನ್ಯ ಮರಾಠರ ಎದುರು ಹೀನಾಯವಾಗಿ ಸೋತಿತು. 1782ರ ಡಿಸೆಂಬರಿನಲ್ಲಿ ಹೈದರ್ ಚಿತ್ತೂರಿನ ಬಳಿಯ ಬಿಡಾರದಲ್ಲಿ ತೀರಿಕೊಂಡಾಗ ಟಿಪ್ಪು ದೂರದ ಮಲಬಾರಿನಲ್ಲಿದ್ದ. ಮಗ ಬಂದು ತಲುಪುವವರೆಗೆ ಸಾವಿನ ಸುದ್ದಿ ಹೊರಬೀಳದಂತೆ ಅಧಿಕಾರಿಗಳು ನೋಡಿಕೊಂಡರು. ಹೀಗೆ ಯುದ್ಧದ ನಡುವೆಯೇ ಅವನು ದೊರೆಯಾದ.

ಉತ್ತರಕ್ಕೆ ಮರಾಠರು, ಪಕ್ಕದಲ್ಲಿ ಹೈದರಾಬಾದಿನ ನಿಜಾಮ, ಸಮುದ್ರದ ಕಡೆಯಿಂದ ಇಂಗ್ಲಿಷರು. 1784ರ ಮಂಗಳೂರು ಒಪ್ಪಂದದಿಂದ ಇಂಗ್ಲಿಷರ ಜೊತೆಗಿನ ಒಂದು ಯುದ್ಧ ಮುಗಿಯಿತು, ಆದರೆ ಭಯ ಮುಗಿಯಲಿಲ್ಲ. ಹಗಲಿಡೀ ಈ ಮೂವರ ಯೋಚನೆಯಲ್ಲೇ ಇದ್ದವನಿಗೆ ರಾತ್ರಿ ಎಂಥ ಕನಸು ಬೀಳಬಹುದು?

ಸವಣೂರಿನ ಕನಸು: ಅರ್ಥ ಮೊದಲೋ, ಗೆಲುವು ಮೊದಲೋ?

1786ರಲ್ಲಿ ಮರಾಠರ ವಿರುದ್ಧ ಸವಣೂರಿನ ಕಡೆ ಯುದ್ಧ ನಡೆಯುತ್ತಿತ್ತು. ಮರಾಠಾ ಬಿಡಾರದ ಮೇಲೆ ಹಠಾತ್ ದಾಳಿ ಮಾಡುವ ಮುನ್ನ ಟಿಪ್ಪುವಿಗೆ ಒಂದು ಕನಸು ಬಿತ್ತು. ಗುರುತಿಲ್ಲದ ಒಬ್ಬ ಚೆಲುವ ಯುವಕ ಅವನ ಹತ್ತಿರ ಬಂದು ಕೂರುತ್ತಾನೆ. ಸ್ವಲ್ಪ ಹೊತ್ತಿಗೆ ಎದ್ದು ಹೋಗಿ ಬಂದು, ಪೇಟದೊಳಗಿನ ಕೂದಲು ಬಿಚ್ಚುತ್ತಾನೆ, ಅಂಗಿಯ ಕಟ್ಟು ಸಡಿಲಿಸುತ್ತಾನೆ. ನೋಡಿದರೆ ಅವನು ಗಂಡಸಲ್ಲ, ಹೆಂಗಸು.

ಟಿಪ್ಪು ಇದಕ್ಕೆ ಹೇಳಿಕೊಂಡ ಅರ್ಥ ಇದು: ಮರಾಠರು ವೇಷದಲ್ಲಿ ಗಂಡಸರು, ರಣದಲ್ಲಿ ಹೆಂಗಸರಾಗುತ್ತಾರೆ. ಎರಡು ದಿನದ ನಂತರ ಬೆಳಿಗ್ಗೆ ಕೆಲವೇ ನೂರು ಜನರ ಜೊತೆ ನುಗ್ಗಿದೆ, ಅವರು ಓಡಿದರು ಎಂದೂ ಅಲ್ಲೇ ಬರೆದಿದ್ದಾನೆ. (ಹೆಣ್ಣು ಎಂದರೆ ಅಂಜುಬುರುಕಿ ಎನ್ನುವುದು ಆ ಕಾಲದ ಗಂಡಸರ ಲೆಕ್ಕ. ಇದಕ್ಕೆ ಸುಮಾರು ತೊಂಬತ್ತು ವರ್ಷ ಮುಂಚೆ ತೀರಿಕೊಂಡ ಕೆಳದಿ ಚೆನ್ನಮ್ಮಾಜಿಯಂಥ ಹೆಂಗಸರ ಕಥೆ ನಮ್ಮ ನಾಡಿನಲ್ಲಿ ಬೇಕಾದಷ್ಟಿವೆ ಎಂದು ಹೇಳುವ ಅಗತ್ಯವಿಲ್ಲ.)

ಇಲ್ಲಿ ಎರಡು ವಿಷಯ ಗಮನಿಸಿ. ಒಂದು, ಕನಸಿನ ಜೊತೆ ಗೆಲುವಿನ ಸುದ್ದಿಯೂ ಇದೆ. ಅಂದರೆ ಆ ಭಾಗವನ್ನಂತೂ ಗೆದ್ದ ಮೇಲೆಯೇ ಬರೆದಿರಬೇಕು. ಫಲ ಗೊತ್ತಾದ ಮೇಲೆ ಕನಸಿಗೆ ಅರ್ಥ ಹಚ್ಚುವುದು ಬಹಳ ಸುಲಭ. ಅಂದು ಸೋತಿದ್ದರೆ, ಇದೇ ಕನಸಿಗೆ ನಂಬಿದವರು ವೇಷ ಬದಲಿಸಿ ಮೋಸ ಮಾಡುತ್ತಾರೆ ಎಂಬ ಅರ್ಥವೂ ಸಲೀಸಾಗಿ ಹೊಂದುತ್ತಿತ್ತು.

ಎರಡು, ಕಥೆ ಆ ಬೆಳಿಗ್ಗೆಗೇ ಮುಗಿಯಲಿಲ್ಲ. 1787ರಲ್ಲಿ ಗಜೇಂದ್ರಗಡದಲ್ಲಿ ಒಪ್ಪಂದವಾದಾಗ ಬಾದಾಮಿ, ಕಿತ್ತೂರು, ನರಗುಂದ ಮರಾಠರ ಪಾಲಾದವು, ಹಣ ಕೊಡಲೂ ಟಿಪ್ಪು ಒಪ್ಪಬೇಕಾಯಿತು. ರಣದಲ್ಲಿ ಹೆಂಗಸರಾಗುತ್ತಾರೆ ಎಂದುಕೊಂಡವರಿಗೇ ಊರು ಬಿಟ್ಟುಕೊಟ್ಟ ಹಾಗಾಯಿತು. ಕನಸಿಗೆ ಹೊಂದುವ ಬೆಳಿಗ್ಗೆ ಪುಸ್ತಕ ಸೇರಿತು. ಹೊಂದದ ವರ್ಷ ಆ ಕನಸಿನ ಲೆಕ್ಕಕ್ಕೆ ಬರಲಿಲ್ಲ.

ಬೆಳಗಿನ ಜಾವದ ಕನಸು ಏಕೆ ಅಷ್ಟು ಗಟ್ಟಿ?

ಈಗ ವಿಜ್ಞಾನ ಏನು ಹೇಳುತ್ತದೆ ನೋಡೋಣ. ನಮ್ಮ ನಿದ್ದೆ ಒಂದೇ ಸಮನೆ ಇರುವುದಿಲ್ಲ. ಸುಮಾರು 90 ನಿಮಿಷಕ್ಕೊಮ್ಮೆ ಒಂದು ಸುತ್ತು, ರಾತ್ರಿಗೆ ನಾಲ್ಕೈದು ಸುತ್ತು. ಪ್ರತಿ ಸುತ್ತಿನಲ್ಲೂ ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆ ವೇಗವಾಗಿ ಓಡಾಡುವ ಒಂದು ಹಂತ ಬರುತ್ತದೆ. 1953ರಲ್ಲಿ ಅಮೆರಿಕದ ಯೂಜೀನ್ ಅಸೆರಿನ್‌ಸ್ಕಿ ಮತ್ತು ನಥಾನಿಯೆಲ್ ಕ್ಲೈಟ್‌ಮನ್ ಇದನ್ನು ದಾಖಲಿಸಿದರು. ಇದಕ್ಕೆ ರೆಮ್ ನಿದ್ದೆ ಎಂದು ಹೆಸರು. ಈ ಹಂತದಲ್ಲಿ ಎಬ್ಬಿಸಿದರೆ ಹೆಚ್ಚಿನವರು ಸ್ಪಷ್ಟವಾದ ಕನಸು ಹೇಳುತ್ತಾರೆ.

ಮೊದಲ ಸುತ್ತಿನಲ್ಲಿ ಈ ಹಂತ ಕೆಲವೇ ನಿಮಿಷ. ಬೆಳಗಾಗುತ್ತಾ ಹೋದಂತೆ ಉದ್ದವಾಗುತ್ತದೆ. ಆದ್ದರಿಂದ ಬೆಳಗಿನ ಜಾವದ ಕನಸು ಉದ್ದ, ಬಣ್ಣಬಣ್ಣ, ಗಟ್ಟಿ. ಅದರ ಮಧ್ಯದಲ್ಲೇ ಕೋಳಿ ಕೂಗಿಗೋ ಅಲಾರಂಗೋ ಎಚ್ಚರವಾಗುವುದರಿಂದ ನೆನಪಿನಲ್ಲೂ ಉಳಿಯುತ್ತದೆ. ಮಧ್ಯರಾತ್ರಿಯದು ಮರೆತುಹೋಗುತ್ತದೆ. ನಮ್ಮ ಹಿರಿಯರು ಬೆಳಗಿನ ಜಾವದ ಕನಸಿನಲ್ಲಿ ಏನೋ ವಿಶೇಷ ಇದೆ ಎಂದು ಗುರುತಿಸಿದ್ದು ಸರಿಯೇ. ಆದರೆ ಆ ವಿಶೇಷ ನೆನಪಿನದು, ಭವಿಷ್ಯದ್ದಲ್ಲ.

ಇನ್ನು ಕನಸಿನಲ್ಲಿ ಏನು ಬರುತ್ತದೆ? ಅಮೆರಿಕದ ಮನೋವಿಜ್ಞಾನಿ ಕ್ಯಾಲ್ವಿನ್ ಹಾಲ್ ಸಾವಿರಾರು ಜನರ ಕನಸುಗಳನ್ನು ಕಲೆಹಾಕಿ ವಿಂಗಡಿಸಿದರು. ಎಚ್ಚರದಲ್ಲಿ ನಮ್ಮನ್ನು ಕಾಡುವ ಜನ, ಕೆಲಸ, ಚಿಂತೆಗಳೇ ಕನಸಿನಲ್ಲೂ ಬರುತ್ತವೆ ಎಂಬುದು ಇಂಥ ಅಧ್ಯಯನಗಳ ಮುಖ್ಯ ತೀರ್ಮಾನ. 2004ರಲ್ಲಿ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು ಇನ್ನೊಂದು ವಿಷಯ ತೋರಿಸಿದರು. ಮಲಗುವ ಮುನ್ನ ಒಬ್ಬ ವ್ಯಕ್ತಿಯ ಬಗ್ಗೆ ಯೋಚಿಸಲೇಬಾರದು ಎಂದು ಮನಸ್ಸನ್ನು ಅದುಮಿ ಹಿಡಿದರೆ, ಆ ವ್ಯಕ್ತಿ ಕನಸಿನಲ್ಲಿ ಹೆಚ್ಚಾಗಿ ಬರುತ್ತಾನೆ. ಅಂದರೆ ಕನಸು ಎಲ್ಲಿಂದಲೋ ಬಂದ ಸುದ್ದಿಯಲ್ಲ, ನಮ್ಮದೇ ತಲೆಯ ಮುಗಿಯದ ಕೆಲಸ.

ಸಾವಿರಾರು ರಾತ್ರಿ, 37 ಕನಸು

ಒಂದು ಸಣ್ಣ ಲೆಕ್ಕ ಹಾಕಿ. 13 ವರ್ಷ ಎಂದರೆ 4,700ಕ್ಕೂ ಹೆಚ್ಚು ರಾತ್ರಿ. ರಾತ್ರಿಗೆ ಒಂದೇ ಕನಸು ಎಂದುಕೊಂಡರೂ ಟಿಪ್ಪುವಿಗೆ ನಾಲ್ಕು ಸಾವಿರಕ್ಕೂ ಹೆಚ್ಚು ಕನಸು ಬಿದ್ದಿರಬೇಕು. ಬರೆದಿದ್ದು 37. ವರ್ಷಕ್ಕೆ ಸರಾಸರಿ ಮೂರು ಕೂಡ ಇಲ್ಲ.

ಹಾಗಾದರೆ ಉಳಿದವು ಏನಾದವು? ಕೆಲವು ಮರೆತುಹೋದವು, ಕೆಲವು ಬರೆಯುವಷ್ಟು ಮುಖ್ಯ ಎನಿಸಲಿಲ್ಲ. ಇದು ಟಿಪ್ಪುವಿನ ತಪ್ಪಲ್ಲ, ನಾವೆಲ್ಲ ಮಾಡುವುದೇ ಇಷ್ಟು. ಆದರೆ ಮುಖ್ಯ ಯಾವುದು, ಅಲ್ಲದ್ದು ಯಾವುದು ಎಂದು ಆರಿಸಿದ್ದು ಯಾರು? ಅವನ ಗುರಿ.

ಆರಿಸಿದವುಗಳನ್ನು ನೋಡಿದರೆ ಇದು ಗೊತ್ತಾಗುತ್ತದೆ. ಒಂದು ಕನಸಿನಲ್ಲಿ ಚೀನಾದ ದೊರೆ ಅವನಿಗೆ ಬಿಳಿ ಆನೆ ಕಳುಹಿಸುತ್ತಾನೆ. ಅಂಥ ಉಡುಗೊರೆ ಹಿಂದೆ ಸಿಕ್ಕಿದ್ದು ಅಲೆಗ್ಸಾಂಡರನಿಗೆ ಮಾತ್ರ ಎಂಬ ಮಾತೂ ಅದರಲ್ಲಿ ಬರುತ್ತದೆ. ಇನ್ನೊಂದರಲ್ಲಿ ಮೂರು ಬೆಳ್ಳಿ ತಟ್ಟೆಗಳ ತುಂಬ ತಾಜಾ ಖರ್ಜೂರ ಮುಂದೆ ಬರುತ್ತದೆ. ಮೂವರು ಶತ್ರುಗಳ ರಾಜ್ಯವೂ ತನ್ನ ಕೈಸೇರುತ್ತದೆ ಎಂದು ಅವನು ಅರ್ಥ ಮಾಡಿಕೊಂಡ. ಖರ್ಜೂರ ಖರ್ಜೂರವೇ. ಅದನ್ನು ರಾಜ್ಯವಾಗಿಸಿದ್ದು ಕನಸಲ್ಲ, ರಾಜ್ಯ ಬೇಕು ಎನ್ನುವ ಮನಸ್ಸು.

ನಿಜ ಜೀವನದಲ್ಲಿ ಆ ಮೂರು ತಟ್ಟೆಗಳ ಕಥೆ ಉಲ್ಟಾ ಆಯಿತು. 1790ರಲ್ಲಿ ಇಂಗ್ಲಿಷರು, ಮರಾಠರು, ನಿಜಾಮ ಮೂವರೂ ಒಂದಾಗಿ ಅವನ ಮೇಲೆ ಬಿದ್ದರು. 1791ರ ಮಾರ್ಚಿನಲ್ಲಿ ಬೆಂಗಳೂರು ಕೈತಪ್ಪಿತು. 1792ರಲ್ಲಿ ಶ್ರೀರಂಗಪಟ್ಟಣದ ಬಾಗಿಲಿಗೇ ಸೈನ್ಯ ಬಂತು. ಒಪ್ಪಂದದಲ್ಲಿ ಅರ್ಧ ರಾಜ್ಯ ಹೋಯಿತು, 3 ಕೋಟಿ 30 ಲಕ್ಷ ರೂಪಾಯಿ ದಂಡ ಬಿತ್ತು, ಇಬ್ಬರು ಚಿಕ್ಕ ಗಂಡುಮಕ್ಕಳನ್ನು ಒತ್ತೆಯಾಳಾಗಿ ಮದರಾಸಿಗೆ ಕಳುಹಿಸಬೇಕಾಯಿತು. ಮಕ್ಕಳು ಮನೆಗೆ ಮರಳಿದ್ದು 1794ರಲ್ಲಿ.

ಪಾಂಡವಪುರದ ಹಳೆಯ ಹೆಸರು ಮತ್ತು ಹತ್ತು ಸಾವಿರ ಸೈನಿಕರ ಕನಸು

ಪಾಂಡವಪುರಕ್ಕೆ ಹಿಂದೆ ಹಿರೋಡೆ ಎಂಬ ಹೆಸರಿತ್ತು. ಬ್ರಿಟಿಷರ ಕಾಲದಲ್ಲಿ ಅದನ್ನು ಫ್ರೆಂಚ್ ರಾಕ್ಸ್ ಎಂದು ಕರೆಯುತ್ತಿದ್ದರು. ಹೈದರ್ ಮತ್ತು ಟಿಪ್ಪುವಿನ ಕಡೆಯಿದ್ದ ಫ್ರೆಂಚ್ ಸೈನಿಕರು ಅಲ್ಲಿನ ಬಂಡೆಗಳ ಬಳಿ ಬಿಡಾರ ಹೂಡುತ್ತಿದ್ದುದರಿಂದ ಬಂದ ಹೆಸರು ಅದು. ಫ್ರೆಂಚರ ಸಹಾಯದಿಂದ ಇಂಗ್ಲಿಷರನ್ನು ಓಡಿಸಬೇಕು ಎಂಬುದು ಟಿಪ್ಪುವಿನ ಜೀವನದ ದೊಡ್ಡ ಗುರಿ.

ಆದರೆ ಫ್ರೆಂಚರು ಅವನಿಗೆ ಕೈಕೊಟ್ಟಿದ್ದು ಒಂದೆರಡು ಸಲವಲ್ಲ. 1783ರಲ್ಲಿ ಮಂಗಳೂರಿನ ಮುತ್ತಿಗೆ ನಡೆಯುತ್ತಿರುವಾಗಲೇ ಯೂರೋಪಿನಲ್ಲಿ ಇಂಗ್ಲಿಷರ ಜೊತೆ ರಾಜಿಯಾಯಿತೆಂದು ಹಿಂದೆ ಸರಿದರು. 1788ರಲ್ಲಿ ಟಿಪ್ಪುವಿನ ರಾಯಭಾರಿಗಳು ಹದಿನಾರನೇ ಲೂಯಿ ದೊರೆಯನ್ನು ಕಂಡಾಗ ಮರ್ಯಾದೆ ಸಿಕ್ಕಿತು, ಸೈನ್ಯದ ಮೈತ್ರಿ ಸಿಗಲಿಲ್ಲ. 1790ರಿಂದ 1792ರ ಯುದ್ಧದಲ್ಲೂ ಅವರ ಸೈನ್ಯ ಬಂದು ಕೈಹಿಡಿಯಲಿಲ್ಲ.

ಕನಸಿನ ಪುಸ್ತಕದಲ್ಲಿ ಮಾತ್ರ ಬೇರೆಯದೇ ಚಿತ್ರ. ಒಬ್ಬ ದೊಡ್ಡ ಫ್ರೆಂಚ್ ಮನುಷ್ಯ ಸಿಂಹಾಸನದ ಬಳಿ ಬರುತ್ತಾನೆ, ಟಿಪ್ಪು ಎದ್ದು ಅವನನ್ನು ಅಪ್ಪಿಕೊಳ್ಳುತ್ತಾನೆ. ನಿಮ್ಮ ಸೇವೆಗೆ ಹತ್ತು ಸಾವಿರ ಜನರನ್ನು ತಂದಿದ್ದೇನೆ, ಎಲ್ಲರೂ ಗಟ್ಟಿಮುಟ್ಟಾದ ಯುವಕರು, ಆಗಲೇ ಕಡಲ ದಡದಲ್ಲಿ ಇಳಿದಿದ್ದಾರೆ ಎಂಬ ಸುದ್ದಿಯನ್ನು ಬಂದವನು ಹೇಳುತ್ತಾನೆ. ಇಲ್ಲಿಯೂ ಎಲ್ಲ ಸಿದ್ಧವಿದೆ ಎಂದು ಟಿಪ್ಪು ಉತ್ತರ ಕೊಡುವಷ್ಟರಲ್ಲಿ ಬೆಳಗಾಗಿ ಎಚ್ಚರವಾಗುತ್ತದೆ.

ಎಚ್ಚರದಲ್ಲಿ ನಡೆದದ್ದೂ ಇದಕ್ಕೆ ಬಹಳ ದೂರವಿರಲಿಲ್ಲ. 1797ರಲ್ಲಿ ರಿಪೋ ಎಂಬ ಫ್ರೆಂಚ್ ಹಡಗಿನವನು ಹಾಳಾದ ಹಡಗಿನೊಂದಿಗೆ ಮಂಗಳೂರು ಸೇರಿದ. ತಾನು ಫ್ರಾನ್ಸಿನ ಪ್ರತಿನಿಧಿ, ಮಾರಿಷಸ್ಸಿನಲ್ಲಿ ದೊಡ್ಡ ಸೈನ್ಯ ಸಿದ್ಧವಾಗಿದೆ ಎಂದು ಹೇಳಿಕೊಂಡ. ಟಿಪ್ಪುವಿನ ಮಂತ್ರಿಗಳಿಗೆ ಅನುಮಾನ ಬಂತು. ಟಿಪ್ಪು ನಂಬಿದ. ಕೇಳಲು ಹಂಬಲಿಸುತ್ತಿದ್ದ ಮಾತನ್ನೇ ಯಾರಾದರೂ ತಂದರೆ, ತಂದವನು ಯಾರು ಎಂದು ವಿಚಾರಿಸುವುದು ಬಹಳ ಕಷ್ಟ.

ಗುಟ್ಟಾಗಿ ಹೋದ ದೂತರಿಗೆ ಮಾರಿಷಸ್ಸಿನಲ್ಲಿ ಸೈನ್ಯ ಸಿಗಲಿಲ್ಲ. ಬದಲಿಗೆ ಅಲ್ಲಿನ ಗವರ್ನರ್ ಮಲಾರ್ತಿಕ್ 1798ರ ಜನವರಿಯಲ್ಲಿ ಬಹಿರಂಗ ಪ್ರಕಟಣೆ ಹೊರಡಿಸಿ, ಟಿಪ್ಪುವಿನ ಪರ ಹೋರಾಡಲು ಯಾರು ಬರುತ್ತೀರಿ ಎಂದು ಊರಿಗೆಲ್ಲ ಕೇಳಿಬಿಟ್ಟ. ಗುಟ್ಟು ರಟ್ಟಾಯಿತು. 1798ರ ಏಪ್ರಿಲಿನಲ್ಲಿ ಮಂಗಳೂರಿನಲ್ಲಿ ಇಳಿದವರು ಸುಮಾರು ನೂರು ಜನ. ಕನಸಿನಲ್ಲಿ ಹತ್ತು ಸಾವಿರ, ದಡದಲ್ಲಿ ನೂರು. ಆ ಪ್ರಕಟಣೆಯನ್ನೇ ಕಾರಣ ಮಾಡಿಕೊಂಡು ಬ್ರಿಟಿಷ್ ಗವರ್ನರ್ ಜನರಲ್ ವೆಲ್ಲೆಸ್ಲಿ ಯುದ್ಧಕ್ಕೆ ಸಿದ್ಧನಾದ.

ಹಾಗಾದರೆ ಟಿಪ್ಪುವನ್ನು ಕೆಡಿಸಿದ್ದು ಕನಸೇ? ಇಲ್ಲ. ಕನಸು ಬಿದ್ದಿತು, ಆದ್ದರಿಂದ ದೂತರನ್ನು ಕಳುಹಿಸಿದ ಎಂದು ಯಾರಾದರೂ ಫಾರ್ವರ್ಡ್ ಮಾಡಿದರೆ ಅದು ತಪ್ಪು. ಬೇರು ಒಂದೇ: ಫ್ರೆಂಚರು ಬಂದೇ ಬರುತ್ತಾರೆ ಎನ್ನುವ ಆಸೆ. ರಾತ್ರಿ ಅದು ಕನಸಾಯಿತು. ಹಗಲು ಅದೇ ಆಸೆ ರಿಪೋನ ಮಾತನ್ನು ನಂಬಿಸಿತು. ಕನಸು ಆ ಬೇರಿನ ಮೇಲೆ ಹುಟ್ಟಿದ ಒಂದು ಚಿಗುರು ಅಷ್ಟೇ.

ನಾವೂ ಹೀಗೇನಾ? ಪ್ರಯೋಗ ಮಾಡಿ ನೋಡಿದವರಿದ್ದಾರೆ

ಇನ್ನೂರು ವರ್ಷದ ಹಿಂದಿನ ದೊರೆಯ ಕಥೆ ಇವತ್ತಿನ ನಮಗೆ ಹೊಂದುತ್ತದೆಯೇ? 2009ರಲ್ಲಿ ಕೇರಿ ಮೋರ್‌ವೆಜ್ ಮತ್ತು ಮೈಕೆಲ್ ನಾರ್ಟನ್ ಎಂಬ ಸಂಶೋಧಕರು ಇದೇ ಪ್ರಶ್ನೆ ಹಿಡಿದು ಹಲವು ಅಧ್ಯಯನಗಳನ್ನು ಪ್ರಕಟಿಸಿದರು. ಅಮೆರಿಕ, ದಕ್ಷಿಣ ಕೊರಿಯಾ ಮತ್ತು ಭಾರತದ ವಿದ್ಯಾರ್ಥಿಗಳನ್ನು ಕೇಳಿದರು. ಮೂರೂ ಕಡೆ ಅರ್ಧಕ್ಕಿಂತ ಹೆಚ್ಚು ಜನ ಕನಸಿನಲ್ಲಿ ಅಡಗಿದ ಸತ್ಯ ಇರುತ್ತದೆ ಎಂಬ ಕಡೆಗೇ ವಾಲಿದರು.

ಇನ್ನೊಂದು ಅಧ್ಯಯನದಲ್ಲಿ ಬಾಸ್ಟನ್ ನಗರದ ರೈಲು ಪ್ರಯಾಣಿಕರಿಗೆ ಹೀಗೆ ಕಲ್ಪಿಸಿಕೊಳ್ಳಲು ಹೇಳಿದರು: ನಾಳೆ ನಿಮ್ಮ ವಿಮಾನ ಪ್ರಯಾಣ, ಇಂದು ರಾತ್ರಿ ವಿಮಾನ ಬಿದ್ದಂತೆ ಕನಸು ಬಿತ್ತು. ಸರ್ಕಾರ ಎಚ್ಚರಿಕೆ ಕೊಟ್ಟರೆ ಎಷ್ಟು ಹೆದರುತ್ತಿದ್ದರೋ ಅದಕ್ಕಿಂತ ಹೆಚ್ಚಾಗಿ ಅವರು ಕನಸಿಗೆ ಹೆದರುವುದಾಗಿ ಹೇಳಿದರು. ನಿಜವಾಗಿಯೂ ಒಂದು ವಿಮಾನ ಅದೇ ದಾರಿಯಲ್ಲಿ ಬಿದ್ದಷ್ಟೇ ಹೆದರಿಕೆ.

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಜನ ಎಲ್ಲ ಕನಸನ್ನೂ ಒಂದೇ ಸಮನಾಗಿ ನಂಬುವುದಿಲ್ಲ. ಇಷ್ಟದವರ ಬಗ್ಗೆ ಒಳ್ಳೆಯ ಕನಸು ಬಿದ್ದರೆ ಅದಕ್ಕೆ ಅರ್ಥವಿದೆ ಎನ್ನುತ್ತಾರೆ, ಕೆಟ್ಟ ಕನಸು ಬಿದ್ದರೆ ಸುಮ್ಮನೆ ಕನಸು ಎನ್ನುತ್ತಾರೆ. ಆಗದವರ ವಿಷಯದಲ್ಲಿ ಉಲ್ಟಾ. ದೇವರ ವಿಷಯದಲ್ಲಿ ಖಚಿತ ನಂಬಿಕೆ ಇಲ್ಲದವರೂ, ದೇವರು ಕನಸಿನಲ್ಲಿ ಬಂದು ಲೋಕ ಸುತ್ತು ಎಂದರೆ ಅದಕ್ಕೆ ಹೆಚ್ಚು ಬೆಲೆ ಕೊಡುತ್ತಾರೆ, ಕಷ್ಟದ ಸೇವೆ ಮಾಡು ಎಂದರೆ ಅಷ್ಟಾಗಿ ಕಿವಿಗೊಡುವುದಿಲ್ಲ. ಮೊದಲು ಇಷ್ಟ, ಆಮೇಲೆ ಅರ್ಥ.

ಕೊನೆಯ ದಿನದ ಶಕುನ

1799ರ ವಸಂತದಲ್ಲಿ ಕೋಟೆಗೆ ಮುತ್ತಿಗೆ ಬಿತ್ತು. ಈಜಿಪ್ಟಿನಲ್ಲಿದ್ದ ನೆಪೋಲಿಯನ್ ಟಿಪ್ಪುವಿಗೆ ಬರೆದ ಪತ್ರ ದಾರಿಯಲ್ಲೇ ಬ್ರಿಟಿಷರ ಕೈಗೆ ಸಿಕ್ಕಿತ್ತು. ಮೇ 4ರ ಬೆಳಿಗ್ಗೆ ಜ್ಯೋತಿಷಿಗಳು ಇಂದು ದಿನ ಚೆನ್ನಾಗಿಲ್ಲ ಎಂದರು. ಟಿಪ್ಪು ದೋಷ ಪರಿಹಾರಕ್ಕೆಂದು ಬ್ರಾಹ್ಮಣರಿಗೆ ದಾನ ಕೊಟ್ಟು ಕೋಟೆಯ ಗೋಡೆಯ ಕಡೆ ಹೋದ. ಮಧ್ಯಾಹ್ನ ಒಂದು ಗಂಟೆ ಸುಮಾರಿಗೆ ಒಡೆದ ಗೋಡೆಯ ಮೂಲಕ ಶತ್ರು ಸೈನ್ಯ ನುಗ್ಗಿತು. ರಾತ್ರಿ ಹೆಣಗಳ ರಾಶಿಯ ನಡುವೆ ಅವನ ದೇಹ ಸಿಕ್ಕಿತು. ಮರುದಿನ ಗುಂಬಜ್‌ನಲ್ಲಿ ಅಪ್ಪನ ಪಕ್ಕದಲ್ಲಿ ಮಣ್ಣು ಮಾಡಿದರು.

ಇಲ್ಲಿಯೂ ಅದೇ ನಡವಳಿಕೆ ಕಾಣುತ್ತದೆ. ಬೇಕಾದ ಶಕುನ ಬಂದಾಗ ಅದನ್ನು ಬರೆದಿಟ್ಟುಕೊಂಡ. ಬೇಡದ ಶಕುನ ಬಂದಾಗ ದಾನ ಕೊಟ್ಟು ಕಳೆದುಕೊಂಡ. ಎರಡು ಸಲವೂ ಅವನು ಮಾಡಿದ್ದು ತಾನು ಮೊದಲೇ ಮಾಡಬೇಕೆಂದಿದ್ದ ಕೆಲಸವನ್ನೇ. ಜ್ಯೋತಿಷಿಗಳು ಗೆದ್ದರು ಎಂದೂ ಇದರ ಅರ್ಥವಲ್ಲ. ಗೋಡೆ ಒಡೆದಿರುವಾಗ, ಸುತ್ತ ಸೈನ್ಯ ನಿಂತಿರುವಾಗ ದಿನ ಚೆನ್ನಾಗಿಲ್ಲ ಎನ್ನಲು ಪಂಚಾಂಗ ಬೇಕಿರಲಿಲ್ಲ.

ಹಾಗಾದರೆ ಒಳಮನಸ್ಸು ಉಪಯೋಗವಿಲ್ಲವೇ?

ಇದೆ, ಆದರೆ ಬೇರೆ ಥರ. ಒಂದು ರಾತ್ರಿ ಮಲಗೆದ್ದು ಹೇಳುತ್ತೇನೆ ಎಂದು ಹಿರಿಯರು ಹೇಳುವುದರಲ್ಲಿ ಹುರುಳಿದೆ. 2004ರಲ್ಲಿ ಜರ್ಮನಿಯ ಸಂಶೋಧಕರು ಜನರಿಗೆ ಅಂಕಿಗಳ ಒಂದು ಲೆಕ್ಕ ಕೊಟ್ಟರು. ಅದರೊಳಗೆ ಅಡಗಿದ್ದ ಸುಲಭದ ದಾರಿಯನ್ನು ನಿದ್ದೆ ಮಾಡಿ ಬಂದವರು, ಎಚ್ಚರವಿದ್ದವರಿಗಿಂತ ಎರಡು ಪಟ್ಟಿಗೂ ಹೆಚ್ಚು ಸಂಖ್ಯೆಯಲ್ಲಿ ಕಂಡುಹಿಡಿದರು. ನಿದ್ದೆ ಹಗಲಿನ ಮಾಹಿತಿಯನ್ನು ಜೋಡಿಸಿಡುತ್ತದೆ.

ಆದರೆ ದೊಡ್ಡ ನಿರ್ಧಾರವನ್ನು ಒಳಮನಸ್ಸಿಗೇ ಬಿಟ್ಟರೆ ಅದು ಯೋಚನೆಗಿಂತ ಚೆನ್ನಾಗಿ ಆರಿಸುತ್ತದೆ ಎಂಬ ಮಾತು ಬೇರೆ. 2006ರಲ್ಲಿ ಆಪ್ ಡೈಕ್ಸ್‌ಟರ್‌ಹೌಸ್ ಎಂಬ ಡಚ್ ವಿಜ್ಞಾನಿ ಹಾಗೆ ಹೇಳಿ ಬಹಳ ಸುದ್ದಿಯಾದರು. 2015ರಲ್ಲಿ ಬೇರೆ ಸಂಶೋಧಕರು ದೊಡ್ಡ ಪ್ರಯೋಗ ಮಾಡಿ, ಹಿಂದಿನ ಪ್ರಯೋಗಗಳನ್ನೂ ಒಟ್ಟಿಗೆ ಸೇರಿಸಿ ನೋಡಿದಾಗ ಆ ಲಾಭ ಕಾಣಲಿಲ್ಲ. ನಿದ್ದೆ ಸಹಾಯಕ, ಸಲಹೆಗಾರ ಅಲ್ಲ.

ಮುಂದಿನ ಸಲ ಗಟ್ಟಿಯಾದ ಕನಸು ಬಿದ್ದಾಗ

ನಮ್ಮ ಕಡೆ ಸಂಬಂಧಕ್ಕೋ ಬಾವಿ ತೆಗೆಸುವುದಕ್ಕೋ ದೇವರ ಮುಂದೆ ಹೂ ಕೇಳುವ ರೂಢಿ ಇದೆ. ಬಲಕ್ಕೆ ಬಿದ್ದರೆ ಸರಿ, ಎಡಕ್ಕೆ ಬಿದ್ದರೆ ಬೇಡ. ಅದು ಭಕ್ತಿಯ ವಿಷಯ, ನಾವು ತೀರ್ಪು ಕೊಡುವುದಿಲ್ಲ. ಆದರೆ ಹೂ ಬೀಳುವ ಮುಂಚಿನ ಆ ನಾಲ್ಕು ನಿಮಿಷದಲ್ಲಿ ನಿಮ್ಮ ಮನಸ್ಸು ಯಾವ ಕಡೆಗೆ ಬೀಳಲಿ ಎನ್ನುತ್ತಿತ್ತು ಎಂದು ಗಮನಿಸಿ. ನಿಮ್ಮ ಗುರಿ ಏನು ಎಂಬುದು ಅಲ್ಲೇ ಗೊತ್ತಾಗುತ್ತದೆ. ಕನಸಿನ ಉಪಯೋಗವೂ ಅಷ್ಟೇ: ಅದು ನಾಳೆ ಏನಾಗುತ್ತದೆ ಎಂದು ಹೇಳುವುದಿಲ್ಲ, ನಿಮಗೆ ಏನು ಬೇಕು, ಯಾವುದರ ಭಯ ಎಂದು ಹೇಳಬಹುದು.

ಆದ್ದರಿಂದ ಕನಸು ನೋಡಿ ನಿರ್ಧಾರ ಮಾಡುವ ಮುಂಚೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಈ ಕನಸಿಗೆ ಉಲ್ಟಾ ಅರ್ಥ ಹೇಳಲು ಬರುತ್ತದೆಯೇ? ಇದೇ ಕನಸು ನನಗೆ ಬೇಡದ್ದನ್ನು ಹೇಳಿದ್ದರೆ ನಂಬುತ್ತಿದ್ದೆನೇ? ಕನಸನ್ನು ಪಕ್ಕಕ್ಕಿಟ್ಟರೆ ನನ್ನ ಕೈಯಲ್ಲಿ ಬೇರೆ ಯಾವ ಆಧಾರ ಇದೆ? ಆಪರೇಷನ್ ಇದ್ದರೆ ಕನಸಿನ ಭಯವನ್ನು ಡಾಕ್ಟರಿಗೇ ಹೇಳಿ, ಬೇಕಿದ್ದರೆ ಇನ್ನೊಬ್ಬ ಡಾಕ್ಟರನ್ನು ಕೇಳಿ. ಒಂದೇ ಕೆಟ್ಟ ಕನಸು ಪದೇಪದೇ ಬಿದ್ದು ನಿದ್ದೆ ಕೆಡುತ್ತಿದ್ದರೂ ವೈದ್ಯರಿಗೆ ತೋರಿಸಬೇಕು. ಅದಕ್ಕೆ ಚಿಕಿತ್ಸೆ ಇದೆ.

ಕೊನೆಗೆ ಫಾರ್ವರ್ಡ್ ಮಾಡುವವರಿಗೆ ಒಂದು ಮಾತು. ಟಿಪ್ಪುವಿನ 37 ಕನಸುಗಳಲ್ಲಿ ಶತ್ರುಗಳನ್ನು ಕಾಫಿರರು ಎಂದು ಕರೆದ ಬರಹಗಳಿವೆ. ಹಿಂಭಾಗ ಶಿಥಿಲವಾದ ಒಂದು ದೊಡ್ಡ ದೇವಸ್ಥಾನದೊಳಗೆ ಹೋಗಿ, ಅದನ್ನು ಸರಿಮಾಡಿಸಿ ಎಂದು ತನ್ನ ಜನರಿಗೆ ಹೇಳಿದ ಕನಸೂ ಇದೆ. ಅವನನ್ನು ಹೊಗಳಬೇಕು ಎಂದಿರುವವರು ಎರಡನೆಯದನ್ನು ಮಾತ್ರ ಕಳುಹಿಸುತ್ತಾರೆ, ತೆಗಳಬೇಕು ಎಂದಿರುವವರು ಮೊದಲನೆಯದನ್ನು ಮಾತ್ರ. ನಾಲ್ಕು ಸಾವಿರ ರಾತ್ರಿಗಳಲ್ಲಿ ಅವನು 37 ಆರಿಸಿದ, ಆ 37ರಲ್ಲಿ ನಾವು ಒಂದನ್ನು ಆರಿಸುತ್ತೇವೆ. ಆರಿಸುವ ಕೈ ಎರಡೂ ಕಡೆ ಒಂದೇ. ಒಂದು ಮೆಸೇಜ್ ಓದಿದ ಕೂಡಲೇ ನೋಡಿದೆಯಾ, ನಾನು ಹೇಳಿರಲಿಲ್ಲವಾ ಎಂದು ಖುಷಿಯಾದರೆ, ಕಳುಹಿಸುವ ಮೊದಲು ಒಂದು ನಿಮಿಷ ತಡೆದು ಪೂರ್ತಿ ಓದಿ. ಹೆಚ್ಚು ಪರೀಕ್ಷೆ ಬೇಕಿರುವುದು ಅಂಥ ಮೆಸೇಜಿಗೇ.